ಎರಡನೆಯ ಲಂಗ

ಐಮಂಗಲಕ್ಕೆ ಸೊಸೆಯಾಗಿ ಬಂದ ಮೇಲೆ ಪಾಲಮ್ಮನ ಮಣಿಕಟ್ಟು ಹಿಡಿದು ನೋಡದ ಹೆಂಗಸು ಆ ಕೇರಿಯಲ್ಲಿ ಉಳಿದಿರಲಿಲ್ಲ. ನೀರಿಗೆ ಹೋದರೆ ಬಾವಿಕಟ್ಟೆಯ ಮೇಲೊಬ್ಬಳು, ಹಿಟ್ಟಿನ ಗಿರಣಿಗೆ ಹೋದರೆ ಅಲ್ಲೊಬ್ಬಳು. ಹೆಬ್ಬೆರಳು, ನಡುಬೆರಳು ಕೂಡಿಸಿ ಅವಳ ಕೈಗೆ ಬಳೆಯ ಹಾಗೆ ಸುತ್ತುವುದು, ಬೆರಳು ಒಂದರ ಮೇಲೊಂದು ಹತ್ತಿ ಇನ್ನೂ ಜಾಗ ಉಳಿದದ್ದನ್ನು ಪಕ್ಕದವಳಿಗೆ ತೋರಿಸುವುದು, "ನೋಡ್ರೇ ಇಲ್ಲಿ, ಪೊರಕೆ ಕಡ್ಡಿ ಐತೆ" ಅನ್ನುವುದು. ಆಮೇಲೆ "ಏನು ತಿಂತೀಯವ್ವ" ಎಂಬ ವಿಚಾರಣೆ. "ಮುದ್ದೆ" ಎಂದರೆ ಯಾರಿಗೂ ನಂಬಿಕೆಯಿಲ್ಲ.

ಅವಳು ನುಂಗುತ್ತಿದ್ದುದು ಸಣ್ಣ ಮುದ್ದೆಯೇನಲ್ಲ. ಹರಿಯಬ್ಬೆಯ ತವರಿನಲ್ಲೂ ಗಂಡಾಳಿನ ಸಮಕ್ಕೆ ಉಣ್ಣುತ್ತಿದ್ದವಳು. ಅಪ್ಪ ಕೆಂಚಪ್ಪನದೂ ಅದೇ ಮೈ. ಉದ್ದಕ್ಕೆ, ಒಣಗಿಸಿಟ್ಟ ಹಾಗೆ, ಎಲುಬು ಎಣಿಸುವ ಹಾಗೆ. ಆದರೆ ಅಪ್ಪ, ಮಗಳು ಇಬ್ಬರೂ ಬೆಳಗ್ಗೆ ಕುರಿ ಹೊಡೆದುಕೊಂಡು ಹೊರಟರೆ ಹೊತ್ತು ಮುಳುಗುವವರೆಗೆ ಕಾಲು ಸೋಲುತ್ತಿರಲಿಲ್ಲ. ಗಂಡನ ಮನೆಯಲ್ಲೂ ಅವಳು ಮಾವ ಮಾರಣ್ಣನ ಜೊತೆ ಕುರಿ ಹಿಂದೆ ಹೋಗುತ್ತಿದ್ದಳು. ಗುಡ್ಡದ ಬುಡದಲ್ಲಿ ಮಾವ ಬೇವಿನ ನೆರಳು ಹುಡುಕಿ ಕಂಬಳಿ ಹಾಸಿದರೆ, ಇವಳು ಮೇಲಿನ ಬಂಡೆಗೆ ಹತ್ತಿ ತಪ್ಪಿಸಿಕೊಂಡ ಟಗರನ್ನು ಹಿಡಿದು ತರುತ್ತಿದ್ದಳು. ತನ್ನ ಮೈಯಲ್ಲಿ ಏನೋ ಕೊರತೆಯಿದೆ ಎಂದು ಮದುವೆಯಾಗುವವರೆಗೆ ಅವಳಿಗೆ ಗೊತ್ತೇ ಇರಲಿಲ್ಲ.

ಅತ್ತೆ ಬರಗೇರಮ್ಮ ಕೆಟ್ಟವಳಾಗಿದ್ದರೆ ಅರ್ಧ ಕಷ್ಟ ಕಡಿಮೆಯಾಗುತ್ತಿತ್ತು. ಬೈದರೆ ತಿರುಗಿಸಿ ಬೈಯಬಹುದು. ತಟ್ಟೆಗೆ ತುಪ್ಪ ಹಾಕಿದವಳ ಮೇಲೆ ಸಿಟ್ಟಾಗುವುದು ಹೇಗೆ? ಕೇರಿಗೆಲ್ಲ ತುಂಬಿದ ಮೈಯವಳು ಬರಗೇರಮ್ಮ. ಮಂಡಿ ನೋವಿನಿಂದಾಗಿ ಜಗಲಿ, ಅಡುಗೆಮನೆ, ಹಿತ್ತಿಲು ಇಷ್ಟೇ ಅವಳ ಪ್ರಪಂಚ. ಕೂತಲ್ಲಿಂದಲೇ ಸೊಸೆಯ ತಟ್ಟೆಯ ಮೇಲೆ ಕಣ್ಣಿಟ್ಟಿರುತ್ತಿದ್ದಳು. "ಇನ್ನೊಂದು ತುತ್ತು ತಿನ್ನವ್ವ" ಎನ್ನುವ ಮಾತು ಆ ಮನೆಯಲ್ಲಿ ಗಡಿಯಾರದ ಹಾಗೆ ನಡೆಯುತ್ತಿತ್ತು.

ಎಪ್ಪತ್ತಾರನೇ ಇಸವಿಯ ಮಾಘದಲ್ಲಿ ನಾದಿನಿ ಉಚ್ಚಂಗಮ್ಮನಿಗೆ ಹೊಳಲ್ಕೆರೆ ಕಡೆಯ ತಾಳ್ಯದಿಂದ ಸಂಬಂಧ ಕೂಡಿಬಂತು. ವೀಳ್ಯ ಬದಲಿಸಲು ಗಂಡಿನ ಕಡೆಯವರು ಬಂದರು. ಅವರ ಪೈಕಿ ಗಂಡಿನ ದೊಡ್ಡಮ್ಮ ಓಬಕ್ಕನದೇ ಜೋರು. ಊಟವಾದ ಮೇಲೆ ಪಾಲಮ್ಮ ಕೈಗೆ ನೀರು ಹಾಕುತ್ತಿದ್ದಾಗ ಓಬಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿ, "ಸೊಸೆ ಏನವ್ವ? ಯಾಕೆ, ನಿಮ್ಮತ್ತೆ ನಿನ್ಗೆ ಊಟ ಹಾಕಲ್ವಾ?" ಎಂದಳು. ಕೂತವರೆಲ್ಲ ನಕ್ಕರು. ಪಾಲಮ್ಮನಿಗೆ ಹೊಸದೇನಲ್ಲ, ಸುಮ್ಮನೆ ಚೊಂಬು ಎತ್ತಿಕೊಂಡು ಒಳಗೆ ಹೋದಳು. ಬರಗೇರಮ್ಮ ಮಾತ್ರ ಆ ಮಾತನ್ನು ಎದೆಗೆ ಹಾಕಿಕೊಂಡಳು.

ಬಂದವರು ಬಸ್ಸು ಹತ್ತಿ ಹೋದ ಮೇಲೆ ಅವಳು ಕಂಬಕ್ಕೊರಗಿ ಕೂತು, "ಮನೆ ಮರ್ಯಾದೆ ಹೋತು. ನಮ್ ಹುಡ್ಗೀನೂ ಹಿಂಗೇ ಸಾಕವ್ರೆ ಅಂದ್ಕಂತಾರೆ" ಎಂದಳು.

"ಅತ್ತೆ, ಅವ್ರು ತಮಾಷೆಗೆ ಅಂದ್ರು."

"ತಮಾಷೆ ಅಲ್ಲ ಅದು. ಮದ್ವೆ ಹೊತ್ತಿಗೆ ನಿನ್ನ ತುಂಬ್ಕಂಡಂಗೆ ಮಾಡ್ತೀನಿ, ನೋಡ್ತಿರು."

ಮರುದಿನ ಬೆಳಗ್ಗೆ ಕುರಿ ಕೂಡುವ ರೊಪ್ಪದ ಬಾಗಿಲು ತೆಗೆಯಲು ಹೊರಟ ಪಾಲಮ್ಮನ ಕೈಯಿಂದ ಕೋಲು ಕಿತ್ತುಕೊಂಡು ಗೋಡೆಗೆ ಒರಗಿಸಿದಳು. "ಇವತ್ನಿಂದ ಕುರಿ ಹಿಂದೆ ಹೋಗ್ಬೇಡ. ನಡೆದ್ರೆ ಮೈ ಕರಗ್ತೈತೆ. ಮದ್ವೆ ಆಗಾವರ್ಗೂ ಕುಂತ್ಕ."

ಅಂದಿನಿಂದ ಶುರುವಾಯಿತು. ಎದ್ದ ಕೂಡಲೇ ಹಸಿ ಮೊಟ್ಟೆ ಕದಡಿದ ಹಾಲು. ಹೊತ್ತೇರಿದರೆ ಬೆಲ್ಲ, ಕಡ್ಲೆಕಾಯಿ ಬೀಜ ಕುಟ್ಟಿದ ಉಂಡೆ. ಮುದ್ದೆಯ ನಡುವೆ ಗುಳಿ ಮಾಡಿ ಅದರ ತುಂಬ ತುಪ್ಪ. ವಾರದ ಸಂತೆಯ ದಿನ ಮೇಕೆ ಕಾಲಿನ ಸಾರು, ಅದೂ ಅವಳೊಬ್ಬಳಿಗೇ. ಪಕ್ಕದಲ್ಲಿ ಕೂತ ನಾದಿನಿ ಆಸೆಯಿಂದ ನೋಡುತ್ತಿದ್ದರೆ ಪಾಲಮ್ಮನಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇದೆಲ್ಲಕ್ಕಿಂತ ಅವಳ ತಲೆ ಕೆಡಿಸಿದ್ದು ಇನ್ನೊಂದು. ಅತ್ತೆ ಅವಳನ್ನು ಅಡುಗೆಮನೆಯಲ್ಲಿ ಉಣ್ಣಲು ಬಿಡುತ್ತಿರಲಿಲ್ಲ. ಬೀದಿ ಕಡೆಯ ಜಗಲಿಯ ಮೇಲೆ ಕೂರಿಸಿ, ಹೋಗಿಬರುವವರಿಗೆಲ್ಲ ಕಾಣುವ ಹಾಗೆ ಉಣಬಡಿಸುತ್ತಿದ್ದಳು.

"ಒಳಗೆ ಉಣ್ತೀನಿ ಅತ್ತೆ."

"ಯಾಕೆ ಒಳಗೆ? ನೋಡ್ಲಿ ಜನ. ಹಾಕಲ್ಲ ಅಂತಾರಲ್ಲ, ಕಣ್ಣಾರೆ ನೋಡ್ಲಿ."

ಜನ ನೋಡಿದರು. ನೋಡಿ ಸುಮ್ಮನೆ ಹೋಗಲಿಲ್ಲ, ಒಂದೊಂದು ಸಲಹೆ ಬಿಟ್ಟು ಹೋದರು. ಹೊಟ್ಟೆಯಲ್ಲಿ ಜಂತುಹುಳ ಇರಬೇಕೆಂದು ಒಬ್ಬಳು, ಮೈ ಉಷ್ಣವೆಂದು ಇನ್ನೊಬ್ಬಳು, ಹರಿಯಬ್ಬೆಯ ನೀರಿನ ದೋಷವೆಂದು ಮತ್ತೊಬ್ಬಳು. ಒಬ್ಬ ಮುದುಕಿ ಬಗ್ಗಿ ತಟ್ಟೆಯನ್ನೇ ನೋಡಿ, "ಇಷ್ಟು ತಿಂದ್ರೂ ಹತ್ತಲ್ಲ ಅಂದ್ರೆ ಮಕ್ಳು ಎಲ್ಲಿ ನಿಲ್ತಾವೆ" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಮುಂದೆ ನಡೆದಳು. ಮದುವೆಯಾಗಿ ಎರಡು ವರ್ಷ ಕಳೆದಿತ್ತು. ಆ ಹೊತ್ತು ಪಾಲಮ್ಮನಿಗೆ ಕೈಯಲ್ಲಿದ್ದ ತುತ್ತನ್ನು ಬಾಯಿಗಿಡುವುದೋ ಬಿಡುವುದೋ ತಿಳಿಯಲಿಲ್ಲ.

ಗಂಡ ಚಿತ್ರಲಿಂಗಪ್ಪ ಹೆದ್ದಾರಿ ರಿಪೇರಿಯ ಗ್ಯಾಂಗಿನಲ್ಲಿ ಕೆಲಸ ಮಾಡುತ್ತಿದ್ದ. ಸಂಜೆ ಡಾಂಬರು ಮೆತ್ತಿದ ಕಾಲಿಗೆ ಸೀಮೆಎಣ್ಣೆ ಉಜ್ಜಿಕೊಳ್ಳುತ್ತಾ ಹಿತ್ತಿಲಲ್ಲಿ ಕೂತಿದ್ದಾಗ ಅವಳು ಕೇಳಿದಳು.

"ನಾನು ನಿಮ್ ಕಣ್ಣಿಗೆ ಹೆಂಗ್ ಕಾಣ್ತೀನಿ?"

"ಹೆಂಗಂದ್ರೆ? ಪಾಲಮ್ಮ ಕಂಡಂಗೆ ಕಾಣ್ತೀಯ."

ಅವಳಿಗೆ ಆ ಮಾತು ಹಿತವಾಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. ಅವನು ಕಾಲು ತೊಳೆದುಕೊಂಡು, "ಒಂಚೂರು ತುಂಬ್ಕಂಡ್ರೆ ಅವ್ವಂಗೂ ಸಮಾಧಾನ. ತಿನ್ನು ಅತ್ಲಾಗೆ, ನಿನ್ನ ಗಂಟೇನು ಹೋಗ್ತೈತೆ" ಎಂದ. ಪಾಲಮ್ಮ ಸೀಮೆಎಣ್ಣೆ ಬಾಟಲಿಗೆ ಬಿರಡೆ ಹಾಕಿ ಒಳಗೆ ಹೋದಳು.

ಮದುವೆ ಬಟ್ಟೆಗೆ ಹಿರಿಯೂರಿಗೆ ಹೋದ ದಿನ ಅಂಗಡಿಯಲ್ಲಿ ಆಳುದ್ದದ ಕನ್ನಡಿಯಿತ್ತು. ಅಂಗೈಯಗಲದ ಕನ್ನಡಿಯಲ್ಲಿ ಹಣೆ ನೋಡಿಕೊಂಡು ಕುಂಕುಮ ಇಡುತ್ತಿದ್ದ ಪಾಲಮ್ಮ, ತನ್ನ ಇಡೀ ಮೈಯನ್ನು ಒಟ್ಟಿಗೆ ಕಂಡದ್ದು ಅದೇ ಮೊದಲು. ಕತ್ತಿನ ಕೆಳಗೆ ಎದ್ದುನಿಂತ ಎರಡು ಎಲುಬು, ರವಿಕೆಯ ತೋಳಲ್ಲಿ ಅಲ್ಲಾಡುವ ಕೈ. ಕಾಲು ಕೋಲಿನ ಹಾಗೆ ಇರಬೇಕು, ಸೀರೆ ಮುಚ್ಚಿದೆ ಅಷ್ಟೆ. ಇವರೆಲ್ಲ ಹೇಳಿದ್ದು ನಿಜವೇ ಹಾಗಾದರೆ ಎಂದುಕೊಂಡಳು. ಪಕ್ಕದಲ್ಲಿದ್ದ ಬರಗೇರಮ್ಮ ಕನ್ನಡಿಯೊಳಗೆ ತಾನೂ ಬಂದದ್ದು ಕಂಡದ್ದೇ ತಡ, ಬೆನ್ನು ತಿರುಗಿಸಿ ಬಟ್ಟೆಯ ರಾಶಿಯ ಕಡೆ ಸರಿದಳು.

ಅಂದಿನಿಂದ ಪಾಲಮ್ಮ ಸೆರಗಿನೊಳಗೆ ಕೈ ಮುಚ್ಚಿಕೊಂಡು ಓಡಾಡತೊಡಗಿದಳು. ಬಾವಿಗೆ ಹೆಂಗಸರು ಇಲ್ಲದ ಹೊತ್ತು ನೋಡಿ ಹೋಗುತ್ತಿದ್ದಳು. ಕೂತು ಕೂತು ಊಟ ಅರಗದೆ ಹೊಟ್ಟೆ ಕಲ್ಲಿನ ಹಾಗಾಗುತ್ತಿತ್ತು, ನಿದ್ದೆ ಕೆಟ್ಟಿತು. ತೂಕ ಮಾತ್ರ ಏರಲಿಲ್ಲ. ಬರಗೇರಮ್ಮ ದಿನಾ ಬೆಳಗ್ಗೆ ಕೆನ್ನೆ ಹಿಡಿದು ನೋಡಿ, "ತಿಂದಿದ್ದೆಲ್ಲ ಎಲ್ಲಿಗೆ ಹೋಗ್ತೈತೆ ನಿಂದು" ಎಂದು ನಿಟ್ಟುಸಿರು ಬಿಡುತ್ತಿದ್ದಳು, ಪಾಲಮ್ಮ ಎಲ್ಲೋ ಬಚ್ಚಿಟ್ಟು ಬಂದಿದ್ದಾಳೆ ಎನ್ನುವ ಹಾಗೆ.

ಕೊನೆಗೆ ಚಿತ್ರದುರ್ಗದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಮಂಡಿ ಹಿಡಿದುಕೊಂಡು ಬಸ್ಸಿನ ಮೆಟ್ಟಿಲು ಹತ್ತಿ ಇಳಿದು, ಬೆವರು ಒರೆಸಿಕೊಳ್ಳುತ್ತಾ, ಆದರೂ ಬಿಡದೆ. ಕಾಯುವ ಬೆಂಚಿನ ಎದುರು ಗೋಡೆಗೆ ಕೆಂಪು ತ್ರಿಕೋನದ ಚಿತ್ರ, ಅದರಲ್ಲಿ ಗುಂಡಗಿನ ತಾಯಿ, ಗುಂಡಗಿನ ಎರಡು ಮಕ್ಕಳು. ಅಲ್ಲಿ ಕೂತಿರುವಷ್ಟು ಹೊತ್ತೂ ಪಾಲಮ್ಮ ಅದನ್ನು ನೋಡದಿರಲು ಪ್ರಯತ್ನಿಸಿದಳು.

ಡಾಕ್ಟರಮ್ಮ ತಕ್ಕಡಿಯ ಮೇಲೆ ನಿಲ್ಲಿಸಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು. ಮುಟ್ಟು ಸರಿಯಾಗಿದೆಯೇ, ಜ್ವರ ಕೆಮ್ಮು ಇದೆಯೇ, ಎಷ್ಟು ದೂರ ನಡೆಯುತ್ತೀಯ ಎಂದೆಲ್ಲ ವಿಚಾರಿಸಿದರು.

"ಏನೂ ಕಾಯಿಲೆ ಇಲ್ಲಮ್ಮ ಇವಳಿಗೆ. ಮೈಕಟ್ಟೇ ಇಂಥದ್ದು. ಹಸಿವಾದಷ್ಟು ತಿನ್ನಲಿ, ಮೊದಲಿನ ಹಾಗೆ ಓಡಾಡಿಕೊಂಡಿರಲಿ."

ಪಾಲಮ್ಮನಿಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು. ಬರಗೇರಮ್ಮ ಕುರ್ಚಿ ಬಿಟ್ಟು ಏಳಲಿಲ್ಲ.

"ಒಂದು ಇಂಜೆಕ್ಷನ್ನಾದ್ರೂ ಕೊಡ್ರಿ."

"ಯಾಕಮ್ಮ ಇಂಜೆಕ್ಷನ್ನು? ಕಾಯಿಲೆ ಇಲ್ಲ ಅಂತಿದ್ದೀನಲ್ಲ."

"ಅಷ್ಟು ದೂರದಿಂದ ಬಂದೀವಿ. ಬರಿಗೈಲಿ ಹೆಂಗ್ ಹೋಗಾಣ?"

ಹೊರಗೆ ಸಾಲು ಬಾಗಿಲವರೆಗೆ ಬೆಳೆದಿತ್ತು. ಡಾಕ್ಟರಮ್ಮ ಇನ್ನೆರಡು ಸಲ ಬಿಡಿಸಿ ಹೇಳಿ, ಸೋತು, ಚೀಟಿಯ ಮೇಲೆ ಒಂದು ಟಾನಿಕ್ ಬರೆದುಕೊಟ್ಟರು. ಪಾಲಮ್ಮನ ಕಡೆ ತಿರುಗಿ, "ಕುಡಿದರೆ ಕುಡಿ, ಬಿಟ್ಟರೆ ಬಿಡು" ಎಂದು ಮೆಲ್ಲಗೆ ಹೇಳಿದರು. ಅಷ್ಟು ಓದಿದವರೇ ಅತ್ತೆಯ ಮುಂದೆ ಸೋತರಲ್ಲ ಎಂದು ಪಾಲಮ್ಮನಿಗೆ ನಗು, ಅಳು ಎರಡೂ ಬಂತು. ಊರಿಗೆ ಬಂದ ಮೇಲೆ ಬರಗೇರಮ್ಮ ಕೇಳಿದವರಿಗೆಲ್ಲ ಟಾನಿಕ್ ಬಾಟಲಿ ತೋರಿಸಿ, "ಡಾಕ್ಟ್ರೇ ಕೊಟ್ಟವ್ರೆ. ರಕ್ತ ಕಮ್ಮಿ ಐತಂತೆ" ಎಂದಳು. ಡಾಕ್ಟರಮ್ಮ ಆ ಮಾತು ಆಡಿಯೇ ಇರಲಿಲ್ಲ.

ಇದಾದ ಕೆಲವು ದಿನಕ್ಕೆ, ಮಾರಣ್ಣ ಒಬ್ಬನೇ ಕುರಿ ತಿರುಗಿಸಿಕೊಂಡು ಬರುವಾಗ ಮಂದೆ ಒಡೆದು ಅರ್ಧ ಹೆದ್ದಾರಿಯ ಕಡೆ ನುಗ್ಗಿತು. ದೂರದಲ್ಲಿ ಲಾರಿ ಬರುವ ಸದ್ದು. ಜಗಲಿಯ ಮೇಲೆ ಕೂತಿದ್ದ ಪಾಲಮ್ಮ ಅತ್ತೆ ಕೂಗುತ್ತಿದ್ದರೂ ಕೇಳದೆ ಓಡಿದಳು. ಆ ದೂರ ಅವಳಿಗೆ ಯಾವತ್ತೂ ಒಂದು ಲೆಕ್ಕವೇ ಅಲ್ಲ. ಆದರೆ ಅರ್ಧ ದಾರಿಯಲ್ಲೇ ಪಕ್ಕೆ ಹಿಡಿದುಕೊಂಡಿತು, ಉಸಿರು ಗಂಟಲಲ್ಲಿ ಸಿಕ್ಕಿಕೊಂಡಿತು, ತೊಡೆ ನಡುಗಿತು. ಲಾರಿಯವನು ಪುಣ್ಯಾತ್ಮ, ಗಾಡಿ ನಿಲ್ಲಿಸಿದ. ಕುರಿಗಳು ತಾವಾಗಿ ದಾಟಿ ಈಚೆ ಬಂದವು. ಪಾಲಮ್ಮ ರಸ್ತೆಯಂಚಿನ ಜಲ್ಲಿ ರಾಶಿಯ ಮೇಲೆ ಕುಸಿದು ಕೂತು ಏದುಸಿರು ಬಿಡುತ್ತಿದ್ದಳು.

ಮಾರಣ್ಣ ಹತ್ತಿರ ಬಂದು ನೋಡಿ, "ಏನವ್ವ, ನಿನ್ಗೂ ವಯಸ್ಸಾತಾ" ಎಂದ.

ಅವನು ಅಂದದ್ದರಲ್ಲಿ ಕುಚೋದ್ಯವಿರಲಿಲ್ಲ, ಆಶ್ಚರ್ಯವಿತ್ತು. ಪಾಲಮ್ಮ ತನ್ನ ಕಾಲುಗಳನ್ನೇ ನೋಡಿದಳು. ಇಷ್ಟು ದಿನ ಸಣ್ಣದೆಂದು ಬೈಸಿಕೊಂಡ ಕಾಲು ಅವು. ಸಣ್ಣಗಿದ್ದಾಗ ಅವು ಅವಳನ್ನು ಯಾವತ್ತೂ ಕೈಬಿಟ್ಟಿರಲಿಲ್ಲ. ತುಪ್ಪ ಹಾಕಿ, ಕೂರಿಸಿ, ಮುಚ್ಚಿಟ್ಟುಕೊಂಡ ಮೇಲೆ ಕೈಬಿಟ್ಟಿದ್ದವು. ಅವಳಿಗೆ ಮೊದಲ ಸಲ ತನ್ನ ಮೈಯ ಮೇಲೆ ನಾಚಿಕೆಯ ಬದಲು ಕನಿಕರ ಹುಟ್ಟಿತು, ಹಿಂದೆಯೇ ಸಿಟ್ಟೂ ಹುಟ್ಟಿತು. ಸಿಟ್ಟು ಯಾರ ಮೇಲೆಂದು ಮಾತ್ರ ಗೊತ್ತಾಗಲಿಲ್ಲ. ಅತ್ತೆಯ ಮೇಲೋ, ಓಬಕ್ಕನ ಮೇಲೋ, ಮಾತು ಕೇಳಿಕೊಂಡು ಕೂತ ತನ್ನ ಮೇಲೋ.

ಮದುವೆ ತಾಳ್ಯದಲ್ಲಿ, ಗಂಡಿನ ಮನೆಯ ಮುಂದಿನ ಚಪ್ಪರದಲ್ಲಿ. ಬಿಸಿಲು ನೆತ್ತಿ ಸುಡುವ ಕಾಲ. ಹೊರಡುವ ಬೆಳಗ್ಗೆ ಬರಗೇರಮ್ಮ ಹಿರಿಯೂರಿನ ದರ್ಜಿಯ ಕೈಲಿ ಹೊಲಿಸಿದ್ದ ದಪ್ಪ ಬಟ್ಟೆಯ ಲಂಗವೊಂದನ್ನು ತಂದು ಸೊಸೆಯ ಮುಂದಿಟ್ಟಳು. ಉಟ್ಟ ಲಂಗದ ಮೇಲೆ ಇದನ್ನೂ ಉಟ್ಟು, ಅದರ ಮೇಲೆ ಸೀರೆ ಉಡಬೇಕಂತೆ.

"ಎರಡು ಲಂಗಾನಾ? ಈ ಬಿಸ್ಲಲ್ಲಿ?"

"ಒಂದು ದಿನದ ಮಾತು. ತಿಂದಿದ್ದಂತೂ ಹತ್ಲಿಲ್ಲ, ಕಾಣಕ್ಕಾದ್ರೂ ಕಾಣ್ಲಿ. ನನ್ ಮಗ್ಳು ಮದ್ವೆ ಕಣವ್ವ, ಇಲ್ಲ ಅನ್ಬೇಡ."

ಮದುವೆ ಹುಡುಗಿಯ ಮುಂದೆ ಜಗಳ ಬೇಡವೆಂದು ಪಾಲಮ್ಮ ಉಟ್ಟಳು. ಲಾರಿಯಲ್ಲಿ ದುರ್ಗ ದಾಟಿ ಹೊಳಲ್ಕೆರೆ ಮುಟ್ಟುವಷ್ಟರಲ್ಲಿ ಸೊಂಟದ ಲಾಡಿ ಎರಡು ಕಡೆ ಕೊರೆದು ಉರಿ ಹತ್ತಿತ್ತು, ಬೆವರು ಕಾಲಿನವರೆಗೆ ಇಳಿಯುತ್ತಿತ್ತು.

ಧಾರೆಯಾಯಿತು. ಮೊದಲ ಪಂಕ್ತಿ ಎದ್ದ ಮೇಲೆ ಹೆಂಗಸರೆಲ್ಲ ಮದುವಣಗಿತ್ತಿಯ ಸುತ್ತ ಚಾಪೆಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಓಬಕ್ಕ ಪಾಲಮ್ಮನನ್ನು ಕೈಹಿಡಿದು ಎಳೆದು ಹತ್ತಿರ ಕೂರಿಸಿಕೊಂಡಳು. ಸೊಂಟದ ಮೇಲೆ ಕೈಯಾಡಿಸಿ ತಟ್ಟಿದಳು.

"ಈಗ ನೋಡ್ರಿ. ಆವತ್ತು ಕಂಡಾಗ ಕಡ್ಡಿ ಇದ್ದಂಗೆ ಇದ್ಲು. ಈಗ ತುಂಬ್ಕಂಡು ಲಕ್ಷಣವಾಗಿದಾಳೆ. ಬೀಗ್ತಿ ಚೆನ್ನಾಗ್ ನೋಡ್ಕಂಡವ್ಳೆ."

ಕಂಬದ ಮರೆಯಲ್ಲಿ ಕೂತಿದ್ದ ಬರಗೇರಮ್ಮನ ಮುಖ ಅರಳಿತು. "ಡಾಕ್ಟ್ರಿಗೆ ತೋರ್ಸಿದ್ವಿ. ಟಾನಿಕ್ ಕೊಟ್ರು" ಎಂದಳು. ಉಳಿದವರು ಹೌದು ಹೌದೆಂದು ತಲೆಯಾಡಿಸಿದರು. ಯಾವ ಟಾನಿಕ್ ಎಂದು ಒಬ್ಬಳು ಕೇಳಿಯೂ ಕೇಳಿದಳು.

ಹಾಲು, ಮೊಟ್ಟೆ, ಕಾಲಿನ ಸಾರು, ಜಗಲಿಯ ಮೇಲಿನ ಊಟ, ಬಸ್ಸು, ಆಸ್ಪತ್ರೆ, ಇಷ್ಟೆಲ್ಲ ಆದ ಮೇಲೆ ಕೊನೆಗೂ ಹೊಗಳಿಕೆ ಸಿಕ್ಕಿದ್ದು ಬಟ್ಟೆಗೆ. ಪಾಲಮ್ಮ ಎದ್ದು ಮನೆಯ ಹಿಂದಿನ ಕೊಟ್ಟಿಗೆಗೆ ಹೋದಳು. ಕಟ್ಟಿದ್ದ ಎಮ್ಮೆಯ ಮರೆಗೆ ನಿಂತು ಎರಡನೆಯ ಲಂಗದ ಲಾಡಿ ಬಿಚ್ಚಿ ಕೆಳಗಿಳಿಸಿದಳು. ಸೊಂಟಕ್ಕೆ ಗಾಳಿ ತಾಗಿ ಜೀವ ಬಂದ ಹಾಗಾಯಿತು. ಸೀರೆ ಸರಿಯಾಗಿ ಉಟ್ಟು, ಲಂಗವನ್ನು ನೀಟಾಗಿ ನಾಲ್ಕು ಮಡಿಕೆ ಮಡಿಸಿ, ಚಪ್ಪರಕ್ಕೆ ಬಂದು ಓಬಕ್ಕನ ಮಡಿಲಲ್ಲಿ ಇಟ್ಟಳು.

"ಏನವ್ವ ಇದು?" ಎಂದಳು ಓಬಕ್ಕ.

"ಈಗ ಲಕ್ಷಣವಾಗೈತೆ ಅಂದ್ರಲ್ಲ, ಅದು ಇದೇ. ಇಟ್ಕಳ್ರಿ. ನಾನು ಆವತ್ತು ಹೆಂಗಿದ್ನೋ ಹಂಗೇ ಇದೀನಿ."

ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈಗಳು ನಿಂತವು. ಮೂಲೆಯಲ್ಲಿ ಯಾರೋ ಮುದುಕಿ ಕಿಸಕ್ಕೆಂದಳು. ಮದುವಣಗಿತ್ತಿ ಉಚ್ಚಂಗಮ್ಮ ತಲೆ ತಗ್ಗಿಸಿ ತುಟಿ ಕಚ್ಚಿಕೊಂಡಿದ್ದಳು, ಅವಳ ಭುಜ ಕುಲುಕುತ್ತಿತ್ತು. ಓಬಕ್ಕ ಮಡಿಲಲ್ಲಿದ್ದ ಲಂಗವನ್ನು ಎತ್ತಲೂ ಆಗದೆ ಇಡಲೂ ಆಗದೆ, "ಸಿಟ್ಟು ಬಂತೇನವ್ವ? ನಾನು ಆವತ್ತು ಏನೋ ತಮಾಷೆಗೆ ಅಂದೆ" ಎಂದಳು.

"ನೀವು ತಮಾಷೆಗೆ ಅಂದ್ರಿ. ನಾನು ಆವತ್ನಿಂದ ಕುರಿ ಹಿಂದೆ ಹೋಗಿಲ್ಲ." ಪಾಲಮ್ಮನ ದನಿ ಏರಲಿಲ್ಲ, ದಣಿದವರ ದನಿ ಅದು. "ನಮ್ ಉಚ್ಚಂಗಿ ನಿಮ್ ಮನೆ ಸೇರ್ತಾಳೆ. ನಾಳೆ ಅವ್ಳು ದಪ್ಪ ಆಗ್ತಾಳೋ ಸಣ್ಣ ಆಗ್ತಾಳೋ, ಅವ್ಳ ಹತ್ರ ಈ ತಮಾಷೆ ಬೇಡ್ರಿ."

ಓಬಕ್ಕ ಎದ್ದು, ಲಂಗವನ್ನು ಕಂಕುಳಲ್ಲಿಟ್ಟುಕೊಂಡೇ ಅಡುಗೆಯವರನ್ನು ಮಾತಾಡಿಸಲು ಹೋದಳು.

ತಿರುಗಿ ಹೊರಡುವಾಗ ಬರಗೇರಮ್ಮನನ್ನು ಲಾರಿಗೆ ಹತ್ತಿಸಲು ಒಂದು ಸ್ಟೂಲು ತರಿಸಿ, ಇಬ್ಬರು ಮೇಲಿಂದ, ಇಬ್ಬರು ಕೆಳಗಿಂದ ಹಿಡಿಯಬೇಕಾಯಿತು. "ಮೂಟೆ ಹುಷಾರು ಕಣ್ರೋ" ಎಂದು ಒಬ್ಬ ಕೂಗಿದ. ಬೇರೆಯವರು ನಗುವ ಮೊದಲೇ ಬರಗೇರಮ್ಮ ತಾನೇ ಜೋರಾಗಿ ನಕ್ಕಳು. ಬರುವಾಗಲೂ ಅವಳು ಹೀಗೇ ನಕ್ಕಿದ್ದಳೆಂದು ಪಾಲಮ್ಮನಿಗೆ ಆಗ ಹೊಳೆಯಿತು. ಆ ನಗು ನಿಂತ ಕೂಡಲೇ ಮುಖದಲ್ಲಿ ಏನೂ ಉಳಿಯಲಿಲ್ಲ. ಐಮಂಗಲದವರೆಗೆ ಅತ್ತೆ ಸೊಸೆಯ ಕಡೆ ತಿರುಗಿ ನೋಡಲಿಲ್ಲ.

ಮರುದಿನ ಬೆಳಗ್ಗೆ ಪಾಲಮ್ಮ ಗೋಡೆಗೊರಗಿದ್ದ ಕೋಲು ತೆಗೆದುಕೊಂಡು ರೊಪ್ಪಕ್ಕೆ ಹೋದಳು. ಯಾರೂ ತಡೆಯಲಿಲ್ಲ. ಮಾರಣ್ಣ "ಬಂದ್ಯಾ" ಎಂದ, ಅಷ್ಟೆ. ಮೊದಮೊದಲು ಅಂಗಾಲಿಗೆ ಕಲ್ಲು ಚುಚ್ಚಿತು, ಏರು ಹತ್ತುವಾಗ ನಿಂತು ನಿಂತು ಹತ್ತಬೇಕಾಯಿತು. ಹೋಗುತ್ತಾ ಹೋಗುತ್ತಾ ಉಸಿರು ತನ್ನ ಹದಕ್ಕೆ ಬಂತು. ಹಸಿವೂ ಬಂತು, ನಿದ್ದೆಯೂ ಬಂತು. ಬಾವಿಕಟ್ಟೆಯಲ್ಲಿ ಒಬ್ಬಳು ಮಣಿಕಟ್ಟಿಗೆ ಕೈ ಹಾಕಲು ಬಂದಾಗ ಪಾಲಮ್ಮ ತುಂಬಿದ ಕೊಡವನ್ನು ಅದೇ ಕೈಯಲ್ಲಿ ಎತ್ತಿ ತಲೆಯ ಮೇಲಿಟ್ಟುಕೊಂಡು, "ದಾರಿ ಬಿಡವ್ವ" ಎಂದಳು.

ಮನೆಯಲ್ಲಿ ಮಾತ್ರ ಮೌನ. ಬರಗೇರಮ್ಮ ಅನ್ನ, ಮುದ್ದೆ ಇಟ್ಟು ಎದ್ದು ಹೋಗುತ್ತಿದ್ದಳು. ಇನ್ನೊಂದು ತುತ್ತು ಎನ್ನುವವರಿಲ್ಲ. ಅದು ತನಗೆ ಬೇಕಾಗಿದ್ದುದೇ ಆದರೂ ಪಾಲಮ್ಮನಿಗೆ ಮನೆ ಬಿಕೋ ಎನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ರೇಗಿತು.

ಒಂದು ಸಂಜೆ ಅತ್ತೆ ಒಲೆಯ ಮುಂದೆ ಹರಳೆಣ್ಣೆ ಬಿಸಿಮಾಡಿಕೊಂಡು ಮಂಡಿಗೆ ಹಚ್ಚಿಕೊಳ್ಳಲು ಬಗ್ಗಲಾರದೆ ಒದ್ದಾಡುತ್ತಿದ್ದಳು. ಪಾಲಮ್ಮ ಬಟ್ಟಲು ಈಸಿಕೊಂಡು ಮುಂದೆ ಕೂತು ತಿಕ್ಕತೊಡಗಿದಳು.

"ನಂದೂ ನಿನ್ನಂಗೇ ಮೈ ಇತ್ತು" ಎಂದಳು ಬರಗೇರಮ್ಮ, ಒಲೆಯ ಕಡೆ ನೋಡುತ್ತಾ. "ಈ ಮನೆಗೆ ಬಂದಾಗ. ನಿಮ್ ಮಾವನ್ನ ಕೇಳು ಬೇಕಾದ್ರೆ. ಚಿತ್ರಲಿಂಗನ ಮುಂಚೆ ಒಂದು ಗಂಡು ಹುಟ್ಟಿತ್ತು. ಆ ವರ್ಷ ರಾಗಿ ಇರ್ಲಿಲ್ಲ, ಏನೂ ಇರ್ಲಿಲ್ಲ. ನನ್ ಎದೇಲಿ ಹಾಲು ಬರ್ಲಿಲ್ಲ. ಹದಿನೈದು ದಿನ ಅತ್ತು ಅತ್ತು ಹೋಗ್ಬಿಡ್ತು. ಸಣಕ್ಲಿ, ಮಗೀನ ಒಣಗಿಸ್ಬಿಟ್ಲು ಅಂದ್ರು. ಆಮೇಲೆ ಸಿಕ್ಕಿದ್ದೆಲ್ಲ ತಿಂದೆ ನಾನು. ಹೊಟ್ಟೆ ತುಂಬಿದ್ರೂ ತಿಂದೆ. ಹೆದ್ರಿಕೆ ಕಣವ್ವ."

ಪಾಲಮ್ಮನ ಕೈ ನಿಂತಿತು. "ಯಾರಂದ್ರು ಹಂಗೆ?"

"ಎಲ್ರೂ ಅಂದ್ರು."

"ಎಲ್ರೂ ಅಂದ್ರೆ? ನನ್ ಕೈ ಹಿಡ್ದು ಹಿಡ್ದು ನೋಡ್ತಾರಲ್ಲ, ಇವ್ರೇನಾ?"

ಬರಗೇರಮ್ಮ ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿಕೊಂಡಳು.

"ಊರಲ್ಲಿ ರಾಗಿ ಇರ್ಲಿಲ್ಲ. ಅದಕ್ಕೆ ನಿಮ್ ಮೈ ಏನ್ ಮಾಡೀತು ಅತ್ತೆ?" ಪಾಲಮ್ಮ ಮತ್ತೆ ಎಣ್ಣೆ ಹಾಕಿಕೊಂಡಳು, ಸ್ವಲ್ಪ ಜೋರಾಗಿಯೇ ತಿಕ್ಕಿದಳು. "ಇದನ್ನ ಮೊದ್ಲೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಏನ್ ಮಾಡ್ತಿದ್ದೆ?"

"ತಿನ್ನಾದು ಅಷ್ಟೇ ತಿಂತಿದ್ದೆ. ನಿಮ್ ಮೇಲೆ ಸಿಟ್ಟಾದ್ರೂ ಆಗ್ತಿರ್ಲಿಲ್ಲ."

ಬರಗೇರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಪಾಲಮ್ಮ ಇನ್ನೊಂದು ಮಂಡಿಗೆ ಕೈ ಹಾಕಿದಳು.

"ನಾಳೆ ನನ್ ಜೊತೆ ಬರ್ರಿ. ದೂರ ಬೇಡ, ಕೆರೆ ಏರಿವರ್ಗೂ."

"ಈ ಮೈ ಎಳ್ಕಂಡಾ? ಜನ ನಗ್ತಾರೆ."

"ನಗ್ಲಿ. ಮೈ ಕರಗ್ಲಿ ಅಂತ ಕರೀತಿಲ್ಲ. ಆ ಮೈ ನಿಮ್ದು, ಇಷ್ಟು ವರ್ಷ ಮನೆ ನಡ್ಸೈತೆ, ಇರ್ಲಿ ಹಂಗೇ. ಮಂಡಿ ಕೀಲು ಆಡ್ಬೇಕು, ಅದಕ್ಕೆ. ಕುಂತಲ್ಲೇ ಕುಂತು ನನ್ ಕಾಲೇ ಹಿಡ್ಕಂಡಿತ್ತು."

"ಬರಲ್ಲ ನಾನು" ಎಂದಳು ಬರಗೇರಮ್ಮ.

ಬರುವುದಿಲ್ಲವೆಂದವಳು ಬೆಳಗ್ಗೆ ಚಪ್ಪಲಿ ಹುಡುಕುತ್ತಿದ್ದಳು. ಚಪ್ಪಲಿ ಕಚ್ಚುತ್ತದೆಂದು ಬಾಗಿಲಲ್ಲೇ ಗೊಣಗಿದಳು. ಗಿರಣಿಯ ಹತ್ತಿರ ಬಿಸಿಲು ಜಾಸ್ತಿಯೆಂದಳು, ಊರ ಅಗಸೆ ಬಾಗಿಲು ದಾಟಿದ ಮೇಲೆ ಕುರಿ ಧೂಳೆಬ್ಬಿಸುತ್ತವೆಂದಳು. ಮಾರಣ್ಣ ಕಾಯದೆ ಮುಂದೆ ಹೋದದ್ದಕ್ಕೆ ಅವನಿಗೂ ಅವನ ವಂಶಕ್ಕೂ ಬೈದಳು. ಕೆರೆ ಏರಿ ಇನ್ನೂ ದೂರವಿರುವಾಗಲೇ ಒಂದು ಕಲ್ಲು ಕಂಡು ಧೊಪ್ಪನೆ ಕೂತು, "ಸಾಕು. ನೀನು ಹೋಗು. ನನ್ನ ಇಲ್ಲೇ ಮಣ್ಣು ಮಾಡು" ಎಂದಳು. ಪಾಲಮ್ಮನಿಗೆ ಕರೆದುಕೊಂಡು ಬಂದದ್ದೇ ತಪ್ಪಾಯಿತೆನಿಸಿತು. ಇದಕ್ಕಿಂತ ಒಡೆದ ಮಂದೆ ಕೂಡಿಸುವುದು ಸುಲಭ. ಸಮಾಧಾನ ಮಾಡಲೂ ಬೇಜಾರಾಗಿ ಕೋಲೂರಿಕೊಂಡು ನಿಂತಳು.

ಕೂತವಳು ಬೆವರು ಒರೆಸಿಕೊಂಡು ಸುತ್ತ ನೋಡಿದಳು. ಈ ಕಡೆ ಅವಳು ಬಂದು ಎಷ್ಟು ವರ್ಷವಾಗಿತ್ತೋ. ಹೊಲ, ಬದು, ಅದರಾಚೆ ಕೆರೆಯಂಗಳ. ಒಮ್ಮೆಲೇ ಅವಳ ಹುಬ್ಬು ಗಂಟಾಯಿತು.

"ಅಲ್ಲೊಂದು ಹುಣಸೆ ಮರ ಇತ್ತಲ್ಲ, ದೊಡ್ಡದು."

"ನಾನು ಬಂದಾಗಿಂದ ಇಲ್ಲ ಅತ್ತೆ."

"ಇಲ್ಲ ಅಂದ್ರೆ? ನಾವು ಹುಳಿಗೆ ಅಲ್ಲಿಂದ್ಲೇ ತರ್ತಿದ್ದಿದ್ದು. ಯಾರು ಕಡಿದ್ರು ಅದನ್ನ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂತಾಳೆ ನೋಡು" ಎನ್ನುತ್ತಾ ಬರಗೇರಮ್ಮ ಕಲ್ಲಿಗೆ ಕೈಯೂರಿ ಎದ್ದಳು. ಬುಡವಾದರೂ ಉಳಿದಿದೆಯೋ ಇಲ್ಲವೋ ನೋಡಬೇಕೆಂದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಕ್ಕೂ ಬಲಕ್ಕೂ ವಾಲುತ್ತಾ, ಮರ ಕಡಿದವನ ಕೈಗೆ ಶಾಪ ಹಾಕುತ್ತಾ ಬದುವಿನ ಮೇಲೆ ನಡೆದೇಬಿಟ್ಟಳು. ಪಾಲಮ್ಮ ಹಿಂದೆ ಉಳಿದ ಕುರಿಗಳನ್ನು ಕೂಗಿ, ಅವಳ ಹಿಂದೆ ಹೊರಟಳು.